ತಾಟು ಎಣಿಸಿದ ದಫೇದಾರರು

ದಫೇದಾರರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ. ಹಿಂದೆ ನಮ್ಮ ಶಾಲೆಯಲ್ಲಿದ್ದ ಮಾಸ್ತರೊಬ್ಬರು ಸಿಕ್ಕಿದ್ದರು. ಮಗಳ ಮದುವೆಯ ಸುದ್ದಿ, ವರ್ಗಾವಣೆಯ ಸುದ್ದಿ ಎಲ್ಲ ಹೇಳಿ ಮುಗಿಸಿ, ಇನ್ನೇನು ಹೊರಡಬೇಕು ಅನ್ನುವಾಗ, "ನಿಮ್ಮ ದಫೇದಾರ್ರು ಹೋದ್ರಂತಲ್ರಿ ಅಕ್ಕೋರ, ಇಂಡಿಯೊಳಗ. ಎದಿ ಹಿಡಕೊಂಡಿತ್ತಂತ" ಅಂದರು. 'ನಿಮ್ಮ' ಎಂದು ಯಾಕೆ ಅಂದರು ಎಂದು ನಾನು ಕೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ನಮ್ಮ ಕಡೆ ಹೆಡ್ ಕಾನ್‌ಸ್ಟೇಬಲ್‌ಗೆ ದಫೇದಾರ ಎನ್ನುತ್ತಾರೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರನ್ನು ನನಗಿಂತ ಹೆಚ್ಚು ಬಲ್ಲವರು ಬಹಳ ಜನ ಇದ್ದಾರೆ. ನನಗೆ ಅವರು ಗೊತ್ತಿದ್ದದ್ದು ಒಂದೇ ಪ್ರಕರಣದಿಂದ. ಒಂಬತ್ತು ವರ್ಷದ ಹಿಂದೆ ನಮ್ಮ ಶಾಲೆಯ ಮೂರನೆಯ ತರಗತಿಯ ಹುಡುಗಿಯೊಬ್ಬಳು ಕಾಣೆಯಾದಳು. ಹೆಸರು ರೇಣುಕಾ. ಇವತ್ತಿನವರೆಗೂ ಸಿಕ್ಕಿಲ್ಲ. ಅವಳನ್ನು ಹುಡುಕಿದವರು ದಫೇದಾರರು. ಹುಡುಕುವವರ ದಾರಿ ತಪ್ಪಿಸಿದವಳು ನಾನು, ಅವಳ ತರಗತಿಯ ಶಿಕ್ಷಕಿ. ಇದನ್ನು ಮೊದಲೇ ಹೇಳಿದರೆ ಮುಂದಿನದನ್ನು ನೆಟ್ಟಗೆ ಬರೆಯಬಹುದು ಎಂದು ತೋರುತ್ತದೆ.

ಅವರು ಗಿಡ್ಡ ಆಳು. ಎಡಭುಜ ಬಲಭುಜಕ್ಕಿಂತ ತುಸು ಕೆಳಗಿತ್ತು. ದನಿ ಎಷ್ಟು ಸಣ್ಣದೆಂದರೆ ಎದುರಿಗಿದ್ದವರು ತಾವಾಗಿಯೇ ಮುಂದೆ ಬಾಗಬೇಕಾಗುತ್ತಿತ್ತು. ತರಗತಿಯೊಳಗೆ ಬರುವ ಮುಂಚೆ ಬೂಟು ಬಿಚ್ಚುತ್ತಿದ್ದರು. ಪೊಲೀಸರ ಬೂಟು ಬಿಚ್ಚುವುದಕ್ಕೂ ಹಾಕುವುದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನನಗೆ ತಿಳಿದದ್ದು ಅವರನ್ನು ನೋಡಿ. ಕುರ್ಚಿ ಕೊಟ್ಟರೆ ಕೂಡುತ್ತಿರಲಿಲ್ಲ. ಮಕ್ಕಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗಿಯ ಜೇಬಿನಿಂದ ಹುರಿದ ಶೇಂಗಾ ತೆಗೆದು ನಡುವೆ ಸುರುವುತ್ತಿದ್ದರು. ಮಾತು ಆಮೇಲೆ.

ಅವರಿಗೊಂದು ರೂಢಿ ಇತ್ತು. ಯಾರು ಏನೇ ಹೇಳಲಿ, ಅದೇ ವಾಕ್ಯವನ್ನು ತಾವೊಮ್ಮೆ ಮೆಲ್ಲಗೆ ಹೇಳಿ, "ಇದು ಕಂಡದ್ದೊ, ಅಂದ್ಕೊಂಡದ್ದೊ?" ಎಂದು ಕೇಳುತ್ತಿದ್ದರು. ಸಾಹೇಬರನ್ನೂ ಕೇಳುತ್ತಿದ್ದರಂತೆ. ಈ 'ಅಂತೆ' ಕೂಡ ಅವರಿಂದ ಕಲಿತದ್ದು. ಕಂಡದ್ದನ್ನು ಕಂಡದ್ದು ಎಂದೂ, ಕೇಳಿದ್ದನ್ನು ಕೇಳಿದ್ದು ಎಂದೂ ಬೇರೆ ಬೇರೆ ಇಡುವುದು.

ಇಂಡಿ ಪಟ್ಟಣದ ನಿಂಬೆಹಣ್ಣಿನ ಕಥೆ ನಾನು ಕೇಳಿದ್ದು, ಕಂಡದ್ದಲ್ಲ. ಅವರು ಅಲ್ಲಿದ್ದಾಗ ಒಂದು ತೋಟದ ಹಣ್ಣೆಲ್ಲ ಒಂದೇ ದಿನದಲ್ಲಿ ಕಳುವಾಯಿತು. ದಫೇದಾರರು ಚಹಾದಂಗಡಿಗೆ ಹೋಗಿ, ಅಲ್ಲಿದ್ದವರ ಕೈಯನ್ನೆಲ್ಲ ತಮ್ಮ ಎರಡೂ ಕೈಯಲ್ಲಿ ಹಿಡಿದು ಕ್ಷೇಮಸಮಾಚಾರ ವಿಚಾರಿಸಿದರು. ಕೊನೆಗೆ ಒಬ್ಬ ದೊಡ್ಡ ಮನುಷ್ಯನ ಕೈ ಬಿಡದೆ, "ಸಾವಕಾರ್ರ, ನೀವು ಹೊಲದ ಮಾರಿ ನೋಡಿ ವರ್ಷಾತು ಅಂತೀರಿ. ಈ ನಿಂಬಿಮುಳ್ಳಿಗೆ ನಿಮ್ಮ ಮೊಳಕೈ ಮ್ಯಾಲ ಇಷ್ಟ್ಯಾಕ ಪ್ರೀತಿ?" ಅಂದರಂತೆ. ಅಂಗಡಿಗೆ ಅಂಗಡಿಯೇ ನಕ್ಕಿತಂತೆ. ಇದನ್ನು ನನಗೆ ಹೇಳಿದವರು ಅವರ ಜೊತೆಗಿದ್ದ ಪೇದೆ. ಅವರೇ ಎಂದೂ ಹೇಳಲಿಲ್ಲ.

ಇನ್ನು ನಾನು ಕಂಡದ್ದು.

ನಮ್ಮ ಶಾಲೆ ಗೊಳಸಂಗಿಯಿಂದ ಒಳಗೆ, ರಸ್ತೆ ಬದಿಯ ಒಂದು ಸಣ್ಣ ಹಳ್ಳಿಯದು. ಅರ್ಧ ಮಕ್ಕಳು ಊರಿನವರು, ಅರ್ಧ ಹೊಲದಲ್ಲೇ ಮನೆ ಕಟ್ಟಿಕೊಂಡ ವಸ್ತಿಗಳಿಂದ ಒಂದೆರಡು ಮೈಲಿ ನಡೆದು ಬರುವವರು. ಹತ್ತು ಗಂಟೆಗೆ ಹಾಜರಿ ಕರೆಯುತ್ತಿದ್ದೆ. ವಸ್ತಿಯ ಮಕ್ಕಳು ಇನ್ನೂ ದಾರಿಯಲ್ಲಿರುತ್ತಿದ್ದರು. ಹೆಸರು ಕರೆದಾಗ ಅದೇ ದಾರಿಯ ಇನ್ನೊಂದು ಮಗು "ಬರಾಕತ್ತಾಳ್ರಿ ಅಕ್ಕೋರ" ಅನ್ನುತ್ತಿತ್ತು. ನಾನು ಹಾಜರಿ ಹಾಕುತ್ತಿದ್ದೆ. ಎಲ್ಲ ಶಿಕ್ಷಕರೂ ಹಾಕುತ್ತಿದ್ದೆವು. ಹತ್ತೂವರೆಯೊಳಗೆ ಬಿಸಿಯೂಟದ ಸಂಖ್ಯೆ ಅಡುಗೆಮನೆಗೆ ಹೋಗಬೇಕು. ಬರುವ ಮಗುವಿಗೆ ಅನ್ನ ಕಡಿಮೆಯಾಗಬಾರದು. ಇದರಲ್ಲಿ ತಪ್ಪಿದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿ ಎಂದೇ ತಿಳಿದಿದ್ದೆವು. ಕಬ್ಬು ಕಡಿಯಲು ತಂದೆತಾಯಿಯ ಜೊತೆ ತಿಂಗಳುಗಟ್ಟಲೆ ಹೋದ ಮಕ್ಕಳಿಗೂ ಹಾಜರಿ ಹಾಕುತ್ತಿದ್ದೆವು, ಹೆಸರು ಹೊಡೆದುಹೋಗಬಾರದು ಎಂದು.

ಆ ಸೋಮವಾರ ರೇಣುಕಾಳ ಹೆಸರು ಕರೆದಾಗ ಅವಳ ಗೆಳತಿ ಭಾರತಿ "ಬರಾಕತ್ತಾಳ್ರಿ" ಅಂದಳು. ನಾನು ಗುರುತು ಹಾಕಿದೆ. ಆಮೇಲೆ ತಲೆ ಎತ್ತಿ ನೋಡಲಿಲ್ಲ.

ಸಂಜೆ ರೇಣುಕಾ ಮನೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಾಗೇವಾಡಿಯಿಂದ ಬಂದು ಇಳಿಯುವ ಹೊತ್ತಿಗೆ ಶಾಲೆಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ರೇಣುಕಾಳ ತಾಯಿ ಕಾಶೀಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಪೊಲೀಸರೊಬ್ಬರು, "ನಿನ್ನಿ ಹುಡಿಗಿ ಸಾಲಿಗೆ ಬಂದಿತ್ತೇನ್ರಿ?" ಅಂದರು. ನಾನು ಹಾಜರಿ ಪುಸ್ತಕ ತೆರೆದೆ. ಸೋಮವಾರದ ಕೆಳಗೆ ನನ್ನ ಗುರುತು ಇತ್ತು. "ಬಂದಿದ್ಲು" ಅಂದೆ. "ಎಷ್ಟೊತ್ತಿಗೆ ಹೋತು?" "ಎಲ್ಲಾರ ಜೋಡಿ, ನಾಲ್ಕೂವರಿಗೆ." ಅವರು ಬರೆದುಕೊಂಡರು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ಕೈಬರಹವೇ ನನಗೆ ಸಾಕ್ಷಿ ಹೇಳುತ್ತಿತ್ತು, ನಾನು ನಂಬಿದೆ.

ಹಾಗಾಗಿ ಎಲ್ಲರೂ ಸಂಜೆಯನ್ನು ಹುಡುಕಿದರು. ಶಾಲೆಯಿಂದ ವಸ್ತಿಗೆ ಹೋಗುವ ದಾರಿಯ ಬಾವಿಗಳಿಗೆ ಪಂಪು ಇಳಿಸಿ ನೀರು ಬರಿದು ಮಾಡಿದರು. ಕಾಲುವೆಯಲ್ಲಿ ಆಳು ಇಳಿಸಿದರು. ಸಂಜೆಯ ಬಸ್ಸಿನವರನ್ನು ಕರೆಸಿದರು. ಸೋಮವಾರ ಸಂಜೆ ಶಾಲೆಯ ಗೇಟಿನಲ್ಲಿ ಗಂಟೆ ಬಾರಿಸುತ್ತ ಬಾಂಬೆ ಮಿಠಾಯಿ ಮಾರುವ ಮುದುಕನೊಬ್ಬ ನಿಂತಿದ್ದ. ಅವನನ್ನು ಹಿಡಿದುಕೊಂಡು ಹೋದರು. ಮಕ್ಕಳನ್ನು ಆಸೆ ತೋರಿಸಿ ಕರೆಯುವವನು ಎಂದು ಊರಿನವರೂ ಅಂದರು. ವಾರ ಕಳೆದರೂ ಅವನನ್ನು ಬಿಡಲಿಲ್ಲ. ಅಲ್ಲಿ ಏನೇನಾಯಿತು ಎಂಬುದನ್ನು ನಾನು ಕಂಡಿಲ್ಲ. ಆಮೇಲೆ ಅವನ ಬಲಗೈ ನೋಡಿದ್ದೇನೆ.

ದಫೇದಾರರು ಆ ದಿನಗಳಲ್ಲಿ ಮುದ್ದೇಬಿಹಾಳದಲ್ಲಿ ಬಂದೋಬಸ್ತಿನ ಮೇಲಿದ್ದರು. ಅವರು ನಮ್ಮ ಶಾಲೆಗೆ ಬಂದದ್ದು ಹನ್ನೊಂದನೆಯ ದಿನ, ಗುರುವಾರ. ಊಟದ ಹೊತ್ತು. ಬೂಟು ಬಿಚ್ಚಿ ಮಕ್ಕಳ ಸಾಲಿನ ತುದಿಗೆ ಕೂತರು. ಒಂದು ಮಗು, "ಪೊಲೀಸರು ಉಣ್ತಾರೇನ್ರಿ?" ಅಂತು.

"ನೀಡಿದ್ರ ಉಣ್ತೇವಿ. ನೀಡದಿದ್ರ ಅಡಗಿ ಮಾಡಿದವ್ರ ಮ್ಯಾಲ ಕೇಸ್ ಹಾಕ್ತೇವಿ."

ಅಡುಗೆಯವ್ವ ಬಾಗಿಲಿಂದಲೇ, "ಹಾಕ್ರಿ ಹಾಕ್ರಿ, ಜೇಲಿನಾಗರ ಕುಂತ ಉಣ್ಣೂದು ಸಿಗತೈತಿ" ಅಂದಳು. ಹನ್ನೊಂದು ದಿನದ ಮೇಲೆ ಮಕ್ಕಳು ಮೊದಲ ಸಲ ನಕ್ಕರು.

ನಮ್ಮ ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲಿನ ತಾಟು. ಅಂಚಿನಲ್ಲಿ ಮೊಳೆಯಿಂದ ಹೆಸರು ಕೊರೆದಿರುತ್ತದೆ. ಶನಿವಾರ ಅಡುಗೆಯವ್ವ ಎಲ್ಲ ತಾಟು ಬೆಳಗಿ ಗೋಣಿಚೀಲದಲ್ಲಿ ಕಟ್ಟಿಡುತ್ತಾಳೆ. ಸೋಮವಾರ ಮಕ್ಕಳು ತಮ್ಮ ತಮ್ಮದು ತೆಗೆದುಕೊಳ್ಳುತ್ತಾರೆ. ಆಮೇಲೆ ವಾರವಿಡೀ ಅವರೇ ತೊಳೆದು ಹಲಗೆಯ ಮೇಲೆ ಇಡುತ್ತಾರೆ. ದಫೇದಾರರು ಉಣ್ಣುತ್ತ ಉಣ್ಣುತ್ತ ಮಕ್ಕಳನ್ನು ಎಣಿಸಿದರು, ತಾಟು ಎಣಿಸಿದರು. ಹಲಗೆಯ ಮೇಲೆ ಉಳಿದ ಒಂದೊಂದೇ ತಾಟನ್ನು ಎತ್ತಿ ಹೆಸರು ಓದಿದರು. ರೇಣುಕಾಳದು ಅಲ್ಲಿರಲಿಲ್ಲ.

"ಯವ್ವಾ, ರೇಣುಕಾನ ತಾಟು ಎಲ್ಲೈತಿ?"

"ಚೀಲದಾಗ ಐತ್ರಿ. ತಗದಽ ಇಲ್ಲ."

"ತಗದಿಲ್ಲಂದ್ರ ಯಾವಾಗಿಂದ?"

"ಹೋದ ಸನಿವಾರ ತಾಟು ತುಂಬೂ ಮುಂದ ನೋಡೇನಿ, ಚೀಲದ ಬುಡಕ್ಕ ಅದೊಂದ ಉಳದಿತ್ತು. ಅದರ ಹಿಂದಿನ ಸನಿವಾರ ನಾನಽ ಕಟ್ಟಿದ್ದು. ಸೋಮವಾರ ಯಾರೂ ತಗದಿಲ್ಲ ಅದನ್ನ."

"ಯಾರಿಗರ ಹೇಳಿದಿ?"

"ಯಾರು ಕೇಳಿದ್ರು?"

ಅವರು ಕೈ ತೊಳೆದು ಬಂದು ಭಾರತಿಯ ಮುಂದೆ ಕೂತರು. ನಾನು ಒಂದೆರಡು ಹೆಜ್ಜೆ ದೂರದಲ್ಲಿದ್ದೆ. ಮಾತು ಪೂರಾ ಕೇಳಿಸಿತು. ಆ ಬೆಳಿಗ್ಗೆ ದಾರಿಯಲ್ಲಿ ಏನೇನು ಕಂಡೆ ಎಂದು ಕೇಳಿದರು. ಭಾರತಿ ನಾಯಿ ಅಂದಳು, ಟ್ರ್ಯಾಕ್ಟರ್ ಅಂದಳು. ಬಸ್ ನಿಲ್ಲುವಲ್ಲಿ ಒಬ್ಬ ಹೆಂಗಸು ಇದ್ದಳು, ರೇಣುಕಾಳನ್ನು ಹೆಸರು ಹಿಡಿದು ಕರೆದಳು, ಅವಳು ಹೋದಳು, ತಾನು ಸಾಲಿಗೆ ಹೊತ್ತಾಯಿತೆಂದು ಓಡಿ ಬಂದೆ ಅಂದಳು.

"ಆಮ್ಯಾಲ ರೇಣುಕಾ ಸಾಲಿಗೆ ಬಂದ್ಲೇನು ತಂಗಿ?"

ಭಾರತಿ ನನ್ನ ಕಡೆ ನೋಡಿದಳು. "ಬಂದಿದ್ಲಂತ್ರಿ."

"ನೀ ಕಂಡೇನು?"

"ನಾ ಕಂಡಿಲ್ರಿ. ಅಕ್ಕೋರು ಬಂದಿದ್ಲು ಅಂದ್ರಲ್ರಿ. ಅದಕ್ಕ ಬಂದಿದ್ಲು."

ಎಂಟು ವರ್ಷದ ಹುಡುಗಿ ಹನ್ನೊಂದು ದಿನ ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿದ್ದಳು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳ ಲೆಕ್ಕದಲ್ಲಿ ರೇಣುಕಾ ಬಂದಿದ್ದಳು.

ದಫೇದಾರರು ನನ್ನನ್ನು ಆಫೀಸ್ ಖೋಲಿಗೆ ಕರೆದರು. ಬಾಗಿಲು ಹಾಕಲಿಲ್ಲ. "ಅಕ್ಕೋರ, ಆ ಸೋಮವಾರ ನೀವು ಆಕಿನ್ನ ಕಂಡೀರೇನು?"

"ಹಾಜರಿ ಐತ್ರಿ."

"ಹಾಜರಿ ನಾನೂ ಕಂಡೇನಿ. ಆಕಿನ್ನ ಕಂಡೀರೇನು?"

ನಾನು ಬಾಗಿಲ ಕಡೆ ನೋಡಿದೆ. ಅದೇ ಉತ್ತರವೆಂದು ಅವರಿಗೆ ತಿಳಿಯಿತು. "ಕಂಡಿಲ್ಲ ಅಂತ ನಿಮ್ಮ ಕೈಲೆ ಬರದು ಕೊಡ್ರಿ. ಅಡಗಿಯವ್ವನ ಮಾತಿಗೆ, ಕೂಸಿನ ಮಾತಿಗೆ ಸಾಹೇಬ್ರು ಕಿವಿ ಕೊಡೂದಿಲ್ಲ. ಅವ್ರ ಕಡೆ ನಿಮ್ಮ ಪುಸ್ತಕ ಐತಿ. ನಿಮ್ಮ ಕಾಗದ ಕೊಟ್ರ ನಾ ಇವತ್ತಽ ಆ ಮುಂಜಾನಿ ಬಸ್ಸಿನ ಬೆನ್ನ ಹತ್ತತೇನಿ. ಆ ಮುದುಕನೂ ಮನಿಗೆ ಹೋಗ್ತಾನ."

"ಎರಡು ದಿನ ಕೊಡ್ರಿ" ಅಂದೆ.

ಅವರು ನನ್ನ ಮುಖ ನೋಡಿದರು. "ಯಾಕ್ರಿ?" ಎಂದಷ್ಟೇ ಕೇಳಿದರು. ನಾನು ಮತ್ತೆ, "ಎರಡು ದಿನ" ಅಂದೆ.

ಯಾಕೆಂದರೆ ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ದಫೇದಾರರು ಹೋದ ಮೇಲೆ ಅವರು ಹೇಳಿದ್ದು ಇಷ್ಟು: "ಒಂದು ಗುರುತು ಸುಳ್ಳ ಅಂತ ಬರದು ಕೊಟ್ರ ಉಳದ ಗುರುತು ಯಾರು ನಂಬ್ತಾರ್ರಿ ಅಕ್ಕೋರ? ಕಬ್ಬಿಗೆ ಹೋದ ಹುಡುಗ್ರೆಲ್ಲ ನಮ್ಮ ಪುಸ್ತಕದಾಗ ದಿನಾ ಸಾಲಿಗೆ ಬರಾಕತ್ತಾರ. ನೀವೊಬ್ರ ಹೋಗೂದಿಲ್ಲ, ನಾಲ್ಕು ಮಂದಿನ್ನ ಕರಕೊಂಡು ಹೋಗ್ತೀರಿ." ಅವರು ಕೆಟ್ಟ ಮನುಷ್ಯರಲ್ಲ. ಅವರ ಮಾತು ನಿಜವೂ ಆಗಿತ್ತು. ನಾನು ಗುರುವಾರ ಸಂಜೆ ಮನೆಗೆ ಹೋದೆ, ಶುಕ್ರವಾರ ರಜೆ ಹಾಕಿದೆ, ಶನಿವಾರ ಮುಂಜಾನೆ ಶಾಲೆಗೆ ಬಂದೆ. ಎರಡು ದಿನ ಯೋಚನೆ ಮಾಡಿದೆ ಎಂದು ಹೇಳಲಾರೆ. ಯಾರಾದರೂ ಬೇರೆಯವರು ಈ ಕೆಲಸ ಮಾಡಿ ಮುಗಿಸುತ್ತಾರೆಂದು ಕಾದೆ.

ಶನಿವಾರ ದಫೇದಾರರು ಶಾಲೆಯ ಕಟ್ಟೆಯ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದರು. ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಹಾಳೆ ಕೊಟ್ಟರು. ನಾನು ಬರೆದೆ: ಆ ದಿನ ಅವಳನ್ನು ನಾನು ಕಂಡಿಲ್ಲ, ಗೆಳತಿಯ ಮಾತಿನ ಮೇಲೆ ಹಾಜರಿ ಹಾಕಿದೆ. ತಾರೀಕು ಹಾಕುವಾಗ ಅವರು ಬೆರಳು ಅಡ್ಡ ಇಟ್ಟರು.

"ಗುರುವಾರದ್ದ ಹಾಕ್ರಿ."

"ಇವತ್ತು ಶನಿವಾರ."

"ಗೊತ್ತೈತ್ರಿ. ಕೇಳಿದ ದಿನಾನ ಕೊಟ್ರ ಅದು ಸಾಕ್ಷಿ. ಎರಡು ದಿನಾ ತಡದು ಕೊಟ್ರ, ಯಾರೋ ಹೇಳಿಕೊಟ್ಟಾರ ಅಂತ ಒಗೀತಾರ. ಒಗದ್ರ ಮುದುಕ ಒಳಗಽ ಉಳೀತಾನ. ತಡಾ ಯಾಕಾತು ಅನ್ನೂದನ್ನ ನಾ ನೋಡ್ಕೋತೀನಿ."

ಗುರುವಾರದ ತಾರೀಕು ಹಾಕಿದೆ. ಕಂಡದ್ದು, ಅಂದುಕೊಂಡದ್ದು ಎಂದು ಜಗತ್ತನ್ನು ಎರಡಾಗಿ ಸೀಳುತ್ತಿದ್ದ ಮನುಷ್ಯ ಆ ದಿನ ನನ್ನಿಂದ ಒಂದು ಸುಳ್ಳು ಬರೆಸಿಕೊಂಡರು. ನನಗೆ ಉಪಕಾರ ಮಾಡಿದರು ಎಂದು ತಿಳಿದೆ. ಕೈ ಮುಗಿದೆ. ಅವರು ಬೂಟಿನ ಲೇಸು ಕಟ್ಟುತ್ತಿದ್ದರು, ಮೇಲೆ ನೋಡಲಿಲ್ಲ.

ಅಂದೇ ಮಧ್ಯಾಹ್ನ ಮುದುಕನನ್ನು ಬಿಟ್ಟರು. ದಫೇದಾರರೇ ಅವನನ್ನು ಮನೆಗೆ ಮುಟ್ಟಿಸಿದರು. ಆ ಮುದುಕ ಮತ್ತೆ ಯಾವ ಶಾಲೆಯ ಮುಂದೆಯೂ ಗಂಟೆ ಬಾರಿಸಲಿಲ್ಲ. ಅದೇ ಸಂಜೆ ಅವರು ಮುಂಜಾನೆಯ ಸಿಂದಗಿ ಬಸ್ಸಿನ ಕಂಡಕ್ಟರನನ್ನು ಹಿಡಿದರು. ಅವನಿಗೆ ನೆನಪಿತ್ತು: ಒಬ್ಬ ಹೆಂಗಸು, ಜೊತೆಗೆ ಶಾಲೆಯ ಸಮವಸ್ತ್ರದ ಹುಡುಗಿ, ಅರ್ಧ ಟಿಕೆಟ್ಟು, ಸಿಂದಗಿಯಲ್ಲಿ ಇಳಿದರು. ಹುಡುಗಿ ಅಳುತ್ತಿರಲಿಲ್ಲ. ಭಾನುವಾರ ದಫೇದಾರರು ಸಿಂದಗಿಗೆ ಹೋದರು. ಅಲ್ಲಿ ನಿಂತ ಜಾಗ, ಹಿಡಿದ ಗಾಡಿ ಯಾವುದೂ ಯಾರಿಗೂ ನೆನಪಿರಲಿಲ್ಲ. ಆಮೇಲೆ ಅವರು ಇಂಡಿಗೆ ಹೋದರು, ಚಡಚಣಕ್ಕೆ ಹೋದರು, ಗಡಿ ದಾಟಿ ಸೊಲ್ಲಾಪುರದವರೆಗೆ ಹೋದರು. ನನಗೆ ಆಗ ಗೊತ್ತಿದ್ದದ್ದು ಇಷ್ಟೇ.

ಕೆಲವೇ ತಿಂಗಳಲ್ಲಿ ಅವರನ್ನು ಚಡಚಣದ ಕಡೆಗೆ ವರ್ಗ ಮಾಡಿದರು. ಶಿಕ್ಷೆಯೆಂದು ಜನ ಅಂದರು. ಯಾಕೆ ಎಂದು ನಾನು ವಿಚಾರಿಸಲಿಲ್ಲ.

ಆದರೂ ಪ್ರತಿವರ್ಷ ಶಾಲೆ ಶುರುವಾಗುವ ವಾರ ಅವರು ಬರುತ್ತಿದ್ದರು, ತಮ್ಮ ರಜೆಯಲ್ಲಿ, ಮಫ್ತಿಯಲ್ಲಿ. ಬಂದವರು ಭಾರತಿಯನ್ನು ಕರೆದು, ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಮೇಲೆ ಅಡ್ಡಪಟ್ಟಿ ಇಟ್ಟು ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಇಬ್ಬರು ಹುಡುಗಿಯರೂ ಒಂದೇ ಎತ್ತರ ಇದ್ದರು. "ನನ್ನ ಕಡೆ ಇದ್ದ ಫೋಟೋದಾಗ ಆಕಿ ಆರು ವರ್ಷದಾಕಿ ಅದಾಳ. ನಾ ಹುಡುಕೂದು ಎಷ್ಟು ಎತ್ತರದಾಕಿನ್ನ ಅನ್ನೂದು ನನಗ ಗೊತ್ತಿರಬೇಕಲ್ರಿ" ಅಂದರು. ಒಮ್ಮೆ ಭಾರತಿ ಒಂದೇ ವರ್ಷದಲ್ಲಿ ಬಹಳ ಬೆಳೆದಿದ್ದಳು. ದಫೇದಾರರು ಗೆರೆಯನ್ನು ನೋಡುತ್ತ, "ಇಷ್ಟು ಲಗೂ ಬೆಳದ್ರ ನನ್ನ ಗತಿ ಏನವ್ವ" ಅಂದರು. ಅವಳು ನಾಚಿ ನಕ್ಕಳು. ಅವರು ನಗಲಿಲ್ಲ. ನಿವೃತ್ತಿಯಾದ ವರ್ಷವೂ ಬಂದಿದ್ದರು.

ಅದರ ಮುಂದಿನ ವರ್ಷ ಕಾಶೀಬಾಯಿಗೆ ಕೋರ್ಟಿನಿಂದ ಕಾಗದ ಬಂತು. ಪತ್ತೆಯಾಗದ ಪ್ರಕರಣ ಎಂದು ಪೊಲೀಸರು ತನಿಖೆ ಮುಚ್ಚುವಾಗ ಹಾಕುವ ವರದಿ, ನಿಮ್ಮ ತಕರಾರು ಇದ್ದರೆ ತಿಳಿಸಿ ಎಂಬ ನೋಟಿಸು. ಅವಳಿಗೆ ಓದಲು ಬಾರದು. ನನ್ನ ಕಡೆ ತಂದಳು. "ಎಲ್ಲಾ ಓದ್ರಿ ಅಕ್ಕೋರ. ಒಂದಕ್ಷರ ಬಿಡಬ್ಯಾಡ್ರಿ." ಶಾಲೆ ಬಿಟ್ಟ ಮೇಲೆ, ಖಾಲಿ ತರಗತಿಯಲ್ಲಿ, ನಾನು ಓದತೊಡಗಿದೆ. ಮೂರನೆಯ ಪುಟದ ನಡುವೆ ಆ ವಾಕ್ಯಗಳು ಬಂದವು. ಓದುವ ಮೊದಲೇ ಕಣ್ಣು ಮುಂದೆ ಹೋಗಿಬಿಟ್ಟಿತ್ತು, ದನಿ ಹಿಂದೆ ಬಂತು.

ಸಿಂದಗಿಯ ನಿಲ್ದಾಣದ ಎದುರಿನ ಒಂದು ಮೊಬೈಲ್ ಅಂಗಡಿಗೆ ಕ್ಯಾಮೆರಾ ಇತ್ತು. ಅದು ನಿಲ್ದಾಣದ ಬಾಗಿಲನ್ನೇ ನೋಡುತ್ತಿತ್ತು. ಅದರಲ್ಲಿ ಹನ್ನೆರಡು ದಿನದ ಚಿತ್ರ ಉಳಿಯುತ್ತದೆ, ಹಳೆಯದು ತಾನಾಗಿ ಅಳಿಯುತ್ತದೆ. ದಫೇದಾರರು ಅಲ್ಲಿ ಮುಟ್ಟಿದ್ದು ಹದಿನಾಲ್ಕನೆಯ ದಿನ. ಮುಂದಿನ ವಾಕ್ಯ ಅವರದೇ ಹೇಳಿಕೆ: "ಶಿಕ್ಷಕಿಯವರು ಹನ್ನೊಂದನೆಯ ದಿನವೇ ಲಿಖಿತವಾಗಿ ತಿಳಿಸಿದ್ದರೂ, ಎರಡು ದಿನ ಮುಂದಿನ ವಿಚಾರಣೆ ಕೈಗೊಳ್ಳದಿದ್ದುದು ನನ್ನ ನಿರ್ಲಕ್ಷ್ಯ."

ನಾನು ಅದನ್ನು ಓದಿದೆ. ಒಂದಕ್ಷರ ಬಿಡಲಿಲ್ಲ.

ಕಾಶೀಬಾಯಿ, "ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ. "ಹಂಗಂದ್ರ ಎರಡು ದಿನಾ ಮೊದ್ಲ ಹೋಗಿದ್ರ ಆ ಹೆಂಗಸಿನ ಮಾರಿ ಕಾಣತಿತ್ತು?"

"ಕಾಣತಿತ್ತೇನೊ."

"ನೀವು ಹೇಳಿದ ದಿನಾನ ಹೇಳೀರಿ. ಅಂವ ಮಕ್ಕೊಂಡಿದ್ದ."

ಇಲ್ಲಿ ನಾನು ಮಾತಾಡಬೇಕಿತ್ತು. ಕಾಗದ ಮಡಿಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಕೈ ಹಿಡಿದು, "ನೀವೊಬ್ರ ಖರೆ ಹೇಳಿದವ್ರು" ಅಂದಳು. ಈ ಮಾತನ್ನು ನಾನು ಕೇಳಿದ್ದೇನೆ. ಅಂದುಕೊಂಡದ್ದಲ್ಲ.

ಆ ವರ್ಷ ದಫೇದಾರರು ಬಂದಾಗ ಕಾಶೀಬಾಯಿ ಗೇಟಿನಲ್ಲಿ ಕಾದಿದ್ದಳು. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ, ದನಿ ಕೇಳಿ ಬಾಗಿಲಿಗೆ ಬಂದೆ. "ನಿನ್ನ ಮಕ್ಕಳು ಮೈಮ್ಯಾಲ ಅರಿವಿ ಹಾಕ್ಕೊಂಡು ಮನ್ಯಾಗ ಅದಾವಿಲ್ಲೊ ದಫೇದಾರ? ನನ್ನದು ಎಲ್ಲಿ ಐತಿ? ಎರಡು ದಿನ ಏನ್ ಕಡದು ಹಾಕಿದಿ ನೀ? ಈಗ ಗ್ವಾಡಿ ಅಳಿಯಾಕ ಬಂದೀಯೇನು? ಅಳಿ, ನಿನ್ನ ಹೆಣದ ಉದ್ದ ಅಳಿ." ಮಕ್ಕಳೆಲ್ಲ ಹೊರಗೆ ಬಂದು ನಿಂತರು. ಅಡುಗೆಯವ್ವ ಅವಳನ್ನು ಹಿಡಿಯಲು ಹೋದಳು. ದಫೇದಾರರು ಚಪ್ಪಲಿ ಬಿಚ್ಚಿ ನಿಂತಿದ್ದರು, ಯಾಕೆ ಬಿಚ್ಚಿದರೋ ಗೊತ್ತಿಲ್ಲ. "ಹೌದವ್ವ, ತಡಾ ಆತು" ಎಂದಷ್ಟೇ ಅಂದರು.

ಅವರು ಒಮ್ಮೆ ತಲೆ ಎತ್ತಿ ಶಾಲೆಯ ಕಡೆ ನೋಡಿದರು. ನನ್ನನ್ನೇ ನೋಡಿದರು ಎಂದು ಇಷ್ಟು ವರ್ಷ ನನಗೆ ಅನಿಸಿದೆ. ಬಿಸಿಲು ಅವರ ಮುಖದ ಮೇಲೆ ಇತ್ತು, ಕಣ್ಣು ಕಿರಿದಾಗಿತ್ತು. ಕಂಡೆ ಎಂದು ಹೇಳಲಾರೆ. ನನ್ನ ಕೈಯಲ್ಲಿ ಸೀಮೆಸುಣ್ಣ ಇತ್ತು. ಗೇಟಿಗೂ ಬಾಗಿಲಿಗೂ ನಲವತ್ತು ಹೆಜ್ಜೆ. ನಾನು ಆ ನಲವತ್ತು ಹೆಜ್ಜೆ ನಡೆಯಲಿಲ್ಲ.

ಮುಂದೆ ಅವರು ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿ ಮೂರು ದಿನ ಬಿಟ್ಟು ನಾನು ಕಾಶೀಬಾಯಿಯ ವಸ್ತಿಗೆ ಹೋದೆ. ಸತ್ತ ಮನುಷ್ಯನ ಮೇಲೆ ಆ ಬೈಗುಳ ಉಳಿಯಬಾರದು ಎಂದು ಹೋದೆ ಎಂದರೆ ಅದೂ ಅರ್ಧ ಸತ್ಯ. ಈಗ ಹೇಳಿದರೆ ಅವರ ಮುಖ ನೋಡುವ ಪ್ರಸಂಗ ಬರುವುದಿಲ್ಲ ಎಂಬುದೂ ಇತ್ತು.

ಅವಳು ಅಂಗಳದಲ್ಲಿ ಉಳ್ಳಾಗಡ್ಡಿಯ ತುದಿ ಕತ್ತರಿಸುತ್ತ ಕೂತಿದ್ದಳು. ನಾನು ನಿಂತೇ ಹೇಳಿದೆ. ತಾರೀಕಿನ ಮಾತು, ಹೆಡ್ ಮಾಸ್ತರರ ಮಾತು, ಎಲ್ಲ. ಅವಳ ಕುಡುಗೋಲು ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೂ ಐದಾರು ಗಡ್ಡೆ ಕತ್ತರಿಸಿದಳು.

"ಎಷ್ಟು ದಿನಾ ಅಂದ್ರಿ?"

"ಎರಡು."

"ಆ ಎರಡು ದಿನಾ ನೀವು ಎಲ್ಲಿದ್ರಿ?"

"ಮನ್ಯಾಗ ಇದ್ದೆ."

"ಉಂಡ್ರಿ?"

"ಉಂಡೆ" ಅಂದೆ.

ಅವಳು ತಲೆ ಆಡಿಸಿದಳು, ಲೆಕ್ಕ ಸರಿಬಂದವರ ಹಾಗೆ. "ಅವರ ಮನಿ ಎಲ್ಲಿ ಐತಿ?"

"ಇಂಡಿಯೊಳಗ. ಹುಡುಕಬೇಕು."

"ನಾಳಿ ಮುಂಜಾನಿ ಮೊದಲ ಬಸ್ಸಿಗೆ ಬರ್ರಿ."

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವಳು ಹಿಂದೆ, ಚೀಲಗಳ ನಡುವೆ, ನಿಂತುಕೊಂಡೇ ಬಂದಳು. ವಿಜಯಪುರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯೂ ಹಾಗೆಯೇ. ಇಂಡಿಯಲ್ಲಿ ಇಳಿದು ಒಂದು ಅಂಗಡಿಯಲ್ಲಿ ಕೇಳಿದೆವು, ಮನೆ ತೋರಿಸಿದರು. ಎರಡು ಖೋಲಿಯ ಮನೆ. ದಫೇದಾರರ ಹೆಂಡತಿ ಕಂಬಕ್ಕೆ ಒರಗಿ ಕೂತಿದ್ದರು. ಕಾಶೀಬಾಯಿ ಹೋದವಳೇ ಅವರ ಮುಂದೆ ನೆಲದ ಮೇಲೆ ಕೂತಳು.

"ನಾ ಸಾಲಿ ಮುಂದ ನಿಮ್ಮ ಯಜಮಾನ್ರಿಗೆ ಬೈದಾಕಿರಿ. ಹೆಣದ ಮಾತು ಆಡೇನಿ. ಅದು ಅವರಿಗೆ ಸಲ್ಲೂ ಬೈಗುಳ ಅಲ್ಲರಿ."

ದಫೇದಾರರ ಹೆಂಡತಿ, "ಇರ್ಲಿ ಬಿಡವ್ವ. ಹಡದ ಹೊಟ್ಟಿ. ನೀ ಬೈದದ್ದಕ್ಕ ಅವರೇನು ಬ್ಯಾಸರ ಮಾಡ್ಕೊಂಡಿರ್ಲಿಲ್ಲ" ಅಂದರು. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಇವರ್ಯಾರು?" ಎಂದು ಕೇಳಿದರು.

ಕಾಶೀಬಾಯಿ ತಿರುಗಿ ನೋಡಲಿಲ್ಲ. "ನನ್ನ ಮಗಳ ಅಕ್ಕೋರು. ನನಗ ಹೇಳಿದ್ದನ್ನ ನಿಮಗೂ ಹೇಳಾಕ ಬಂದಾರ. ಹೇಳ್ರಿ ಅಕ್ಕೋರ."

ನಾನು ಹೊಸ್ತಿಲ ಹೊರಗೆ ನಿಂತೇ ಮತ್ತೊಮ್ಮೆ ಶುರುಮಾಡಿದೆ. ಗುರುವಾರ ಅಂದೆ, ಎರಡು ದಿನ ಅಂದೆ. ದಫೇದಾರರ ಹೆಂಡತಿ ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ಗೊತ್ತೈತ್ರಿ. ನನಗ ಹೇಳಿದ್ರು. ಅಕ್ಕೋರು ಛಲೋ ಮಂದಿ, ಆ ತಾಯಿ ಮುಂದ ಒಂದಿನ ತಾವಾಗೇ ಹೇಳ್ತಾರ, ಆಗ ನಮ್ಮ ಮನಿಗೂ ಬರ್ತಾರ ಅಂತಿದ್ರು. ಭಾಳ ದಿನ ದಾರಿ ನೋಡಿದ್ರು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆಮ್ಯಾಲ ನೋಡೂದು ಬಿಟ್ರು."